ಲಗ್ನಪತ್ರಿಕೆ ತಿಂದ ಪಂಚಿಂಗ್ ಮಷೀನಿನವರಿಗೆ

ಇವರಿಗೆ,
ಶ್ರೀಯುತ ಟ್ಯಾಗ್ ಪಂಚಿಂಗ್ ಮಷೀನ್ ಅವರು,
ಊಟದ ಟೇಬಲ್ಲಿನ ಬಲಮೂಲೆ,
ನಮ್ಮದೇ ಮನೆ, ಗೋಪನಕೊಪ್ಪ, ಹುಬ್ಬಳ್ಳಿ.

ಮಾನ್ಯರೇ,

ಗುಲಾಬಿ ಬಣ್ಣದ ಮೈಯುಳ್ಳ, ಬೆಳ್ಳನೆಯ ಹಿಡಿಕೆಯುಳ್ಳ, ಒಮ್ಮೆ ಒತ್ತಿದರೆ ‘ಖಟ್’ ಎಂದು ದನಿ ಮಾಡಿ ದುಂಡು ಮೂಲೆಯ, ನೆತ್ತಿಯಲ್ಲೊಂದು ತೂತಿರುವ ಟ್ಯಾಗನ್ನು ಮೇಜಿನ ಮೇಲೆ ಉದುರಿಸುವ ತಮ್ಮ ಸನ್ನಿಧಾನಕ್ಕೆ ಈ ಬಡಪಾಯಿ ಶಿವಯೋಗೀಶನ ಸಾವಿರ ನಮಸ್ಕಾರಗಳು. ತಮ್ಮ ಬ್ಲೇಡಿನ ಹರಿತ ಕುಂದದಿರಲಿ, ಸ್ಪ್ರಿಂಗಿಗೆ ತುಕ್ಕು ತಾಗದಿರಲಿ, ತಮ್ಮ ಹಸಿವು ಮಾತ್ರ ದೇವರ ದಯೆಯಿಂದ ಸ್ವಲ್ಪ ಇಳಿಯಲಿ ಎಂದು ಹಾರೈಸುತ್ತ ಈ ದೂರನ್ನು ಬರೆಯುತ್ತಿದ್ದೇನೆ. ಇಬ್ಬರೂ ಒಂದೇ ಸೂರಿನಡಿ ಇರುವಾಗ ಬಹಿರಂಗ ಪತ್ರವೇಕೆ, ಎದುರಿಗೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಎದುರಿಗೆ ಹೇಳಿ ನೋಡಿದೆ, ತಾವು ಉತ್ತರಿಸಲಿಲ್ಲ, ನನ್ನ ಹೆಂಡತಿ ರಾಜೇಶ್ವರಿ ಮಾತ್ರ ಅಡುಗೆಮನೆಯಿಂದ ಇಣುಕಿ, “ಯಾರ ಜೋಡಿ ಮಾತಾಡಾಕತ್ತೀರಿ?” ಎಂದು ಕೇಳಿದಳು. ಅಲ್ಲದೆ ಹುಬ್ಬಳ್ಳಿ-ಧಾರವಾಡದ ಯಾವ ಮನೆಗೆ ಹೋದರೂ ಅಟ್ಟದ ಮೇಲೋ ಮಂಚದ ಕೆಳಗೋ ಹಳೆಯ ಲಗ್ನಪತ್ರಿಕೆಗಳ ಒಂದು ರಾಶಿ ಇದ್ದೇ ಇರುತ್ತದೆ, ಮತ್ತು ತಮ್ಮ ಬಂಧುಬಳಗ ಆ ಮನೆಗಳಿಗೂ ಪಾರ್ಸಲ್ಲಿನಲ್ಲಿ ಬಂದಿಳಿಯುತ್ತಿರಬಹುದು. ಅವರೂ ಓದಿಕೊಳ್ಳಲಿ.

ಮೊದಲು ನನ್ನ ಯೋಗ್ಯತೆಯನ್ನು ನಿವೇದಿಸಿಕೊಳ್ಳುತ್ತೇನೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಇನ್‌ಚಾರ್ಜ್. ಇಪ್ಪತ್ತೆರಡು ವರ್ಷಗಳಿಂದ ನಟ್ಟು, ಬೋಲ್ಟು, ವಾಷರುಗಳ ಡಬ್ಬಿಗಳಿಗೆ ಟ್ಯಾಗ್ ಕಟ್ಟಿಯೇ ಅನ್ನ ತಿಂದವನು. ನಮ್ಮಲ್ಲಿ ಟ್ಯಾಗ್ ಎಂದರೆ ಮೂರು ಸಂಗತಿ ಇರಲೇಬೇಕು: ವಸ್ತು ಯಾವುದು, ತಾರೀಖು ಎಷ್ಟು, ಜಾಗ ಎಲ್ಲಿ. ಹೀಗಿರುವಾಗ ಏಪ್ರಿಲ್ ತಿಂಗಳ ಮೊದಲ ವಾರ ತಾವು ದೊಡ್ಡ ಪೆಟ್ಟಿಗೆಯಲ್ಲಿ, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಸುತ್ತಿಕೊಂಡು ನಮ್ಮ ಮನೆಗೆ ಬಿಜಯಂಗೈದಾಗ, ನನ್ನ ಕಸುಬಿನವರೇ ಯಾರೋ ಬಂದರೆಂದು ನಾನು ಒಳಗೊಳಗೇ ಖುಷಿಪಟ್ಟಿದ್ದು ಸುಳ್ಳಲ್ಲ.

ತಮ್ಮನ್ನು ತರಿಸಿದವಳು ರಾಜೇಶ್ವರಿ, ತರಿಸುವಂತೆ ಮಾಡಿದವರು ಪಕ್ಕದ ಮನೆಯ ಫರಹತ. ಬೇಸಿಗೆ ರಜೆಯ ನೆನಪುಗಳನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ, ಪ್ರತಿ ಫೋಟೋದ ಪಕ್ಕದಲ್ಲಿ ಕೈಯಿಂದ ಮಾಡಿದ ಚಂದದ ಟ್ಯಾಗೊಂದನ್ನು ದಾರದಿಂದ ಇಳಿಬಿಡುವ ವಿದ್ಯೆಯನ್ನು ಫರಹತ ಮೊಬೈಲಿನಲ್ಲಿ ನೋಡಿ ಕಲಿತು, ನನ್ನ ಹೆಂಡತಿಗೆ ಧಾರೆಯೆರೆದರು. ಅಂದಿನಿಂದ ನಮ್ಮ ಊಟದ ಟೇಬಲ್ಲಿನ ಮೇಲೆ ಊಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು: ಸೆಣಬಿನ ದಾರ, ಸವೆದ ಇಳಕಲ್ ಸೀರೆಯ ಅಂಚಿನ ಚೂರುಗಳು, ಹಣೆಗಿಡುವ ಟಿಕಳಿ, ಒಣಗಿಸಿದ ಬೇವಿನ ಹೂವು, ಹೊಸ ಕಾಗದ ಹಳೆಯದರಂತೆ ಕಾಣಲೆಂದು ಅದನ್ನು ಅದ್ದುವುದಕ್ಕೆ ಒಂದು ಬೋಗುಣಿ ಕಪ್ಪು ಚಹಾ. ಒಂದು ದಿನ ನಾನು ಆ ಚಹಾವನ್ನು ಕುಡಿದೆ. ಅದಕ್ಕೆ ತಮ್ಮನ್ನು ದೂರುವುದಿಲ್ಲ.

ಆದರೆ ಆ ಪುಸ್ತಕದಲ್ಲಿದ್ದ ಬೇಸಿಗೆಗಳು ಯಾವುವು ಎಂಬುದನ್ನು ಇಲ್ಲಿ ಹೇಳಲೇಬೇಕು. ಅವೆಲ್ಲ ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನ ನಮ್ಮ ಹಳೆಯ ಮನೆಯವು. ಕೆಳಗೆ ಅಣ್ಣನ ಪಾತ್ರೆ ಅಂಗಡಿ, ಮೇಲೆ ನಾವೆಲ್ಲ: ಅಣ್ಣ ಮಡಿವಾಳಪ್ಪ, ಅವನ ಹೆಂಡತಿ ಅಂದರೆ ನಮ್ಮ ವೈನಿ, ಅವರ ಮಗಳು ದಾಕ್ಷಾಯಿಣಿ, ನಾನು ಮತ್ತು ರಾಜೇಶ್ವರಿ. ನಮಗೆ ಮಕ್ಕಳಾಗಲಿಲ್ಲ, ದಾಕ್ಷಾಳನ್ನು ರಾಜೇಶ್ವರಿಯೇ ಎತ್ತಿ ಆಡಿಸಿದ್ದು, ಮಾಳಿಗೆಯ ಮೇಲೆ ಹಪ್ಪಳ ಕಾಯಲು ಕೂಡಿಸಿದ್ದು, ಆಪೂಸ್ ಮಾವಿನಹಣ್ಣಿನ ಶೀಕರಣಿ ತಿನ್ನಿಸಿ ಮೂತಿ ಒರೆಸಿದ್ದು. ಆರು ವರ್ಷಗಳ ಹಿಂದೆ ನಾವು ಗೋಪನಕೊಪ್ಪದಲ್ಲಿ ಮನೆ ಕಟ್ಟಿಕೊಂಡು ಬಂದೆವು, ಅಣ್ಣನಿಗೂ ನನಗೂ ಮಾತು ನಿಂತಿತು.

ಮಾತು ನಿಂತ ಕಾರಣ ಕೇಳಿದರೆ ತಾವು ನಗಬಹುದು, ಆದರೆ ನಮ್ಮ ಕಡೆಯ ಯಾರೂ ನಗುವುದಿಲ್ಲ. ನಮ್ಮ ಗೃಹಪ್ರವೇಶದ ಕಾರ್ಡಿನ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ ಅಣ್ಣನ ಹೆಸರು ಮೂರನೆಯದಾಗಿ ಅಚ್ಚಾಯಿತು. ಕರಡನ್ನು ಪ್ರೆಸ್ಸಿಗೆ ಒಯ್ದವನು ರಾಜೇಶ್ವರಿಯ ತಮ್ಮ ಅಮರೇಶ. ಪ್ರೆಸ್ಸಿನವರು ಬಂದವರ ಮರ್ಯಾದೆಗೆಂದು ಅವನ ಹೆಸರನ್ನೇ ಮೊದಲು ಹಾಕಿದರು. ನಾನು ನೋಡಿದೆ, ಸ್ವಂತ ಅಣ್ಣ, ಅವನೇನು ಅಂದುಕೊಳ್ಳುತ್ತಾನೆ ಎಂದು ಸುಮ್ಮನಾದೆ. ಅವನು ಗೃಹಪ್ರವೇಶಕ್ಕೆ ಬಂದ, ಉಡುಗೊರೆಯ ಆಹೇರಿ ಕೊಟ್ಟ, “ಮೂರನೇದಾಂವಗ ಎಷ್ಟೊತ್ತು ಕುಂಡ್ರಿಸ್ಕೋತೀರಿ, ಬರ್ತೀನಿ” ಎಂದು ಹೊರಟುಹೋದ. ಹಿಂದೆಯೇ ಹೋಗಿ ಕೈಹಿಡಿದು ಕರೆತರಬೇಕಿತ್ತು. ನಾನು ಹೋಗಲಿಲ್ಲ, ಏಕೆಂದರೆ ಅತಿಥಿಗಳಿದ್ದರು, ಮತ್ತು ನನಗೂ ಸಿಟ್ಟು ಬಂದಿತ್ತು.

ಇನ್ನು ತಮ್ಮ ಅಪರಾಧದ ಕಡೆಗೆ ಬರೋಣ.

ಮಾನ್ಯರೇ, ಲಗ್ನ ಮುಗಿದ ಮೇಲೆ ಲಗ್ನಪತ್ರಿಕೆಯನ್ನು ಕಸದ ಗಾಡಿಗೆ ಹಾಕುವ ಧೈರ್ಯ ನಮ್ಮ ಮನೆಗಳಲ್ಲಿ ಯಾರಿಗೂ ಇಲ್ಲ. ಮೇಲೆ ದೇವರ ಚಿತ್ರವಿರುತ್ತದೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತದೆ. ಹೀಗಾಗಿ ನಮ್ಮಲ್ಲೊಂದು ಕಬ್ಬಿಣದ ಟ್ರಂಕಿನ ತುಂಬ ಇಪ್ಪತ್ತೈದು ವರ್ಷಗಳ ಕಾರ್ಡುಗಳಿದ್ದವು. ಅವುಗಳಲ್ಲಿನ ಕೆಲವು ದಂಪತಿಗಳು ಮಕ್ಕಳ ಲಗ್ನಕ್ಕೂ ಕಾರ್ಡು ಕಳಿಸಿ ಆಗಿದೆ. ತಾವು ದಪ್ಪ ಕಾಗದವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದು ತಿಳಿದೊಡನೆ ರಾಜೇಶ್ವರಿ ಆ ಟ್ರಂಕನ್ನು ತೆರೆದಳು. ದೇವರ ಚಿತ್ರಗಳನ್ನು ಕತ್ತರಿಯಿಂದ ಬಿಡಿಸಿ ಬೇರೆ ತೆಗೆದಿಟ್ಟು, ಉಳಿದದ್ದನ್ನು ತಮ್ಮ ಬಾಯಿಗೆ ಕೊಟ್ಟಳು. ತಾವು ಜಾತಿ ನೋಡದೆ, ಊರು ನೋಡದೆ, ಯಾರ ಮನೆಯ ಲಗ್ನವೆಂದು ವಿಚಾರಿಸದೆ ಎಲ್ಲವನ್ನೂ ಸಮನಾಗಿ ಕತ್ತರಿಸಿದ ಪರಿಯನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಇಂಥ ಸಮದೃಷ್ಟಿ ನಮ್ಮ ಕಾರ್ಖಾನೆಯ ಮ್ಯಾನೇಜರರಿಗೂ ಇಲ್ಲ.

ಮೇ ತಿಂಗಳಲ್ಲಿ ಒಂದು ಶುಕ್ರವಾರ ವೈನಿಯ ಫೋನು ಬಂತು. “ಶಿವು, ದಾಕ್ಷಾನ ಲಗ್ನ ಗೊತ್ತ ಮಾಡೇವಪಾ. ನಿಮ್ಮ ಗೋಪನಕೊಪ್ಪದ ಕಡೆ ಮನಿಗೋಳಿಗೆಲ್ಲಾ ಕಾರ್ಡ್ ಮುಟ್ಟಸೂದು ನಿನ್ನ ಜವಾಬ್ದಾರಿ.” ಸಂಜೆಗೆ ಅಣ್ಣನ ಅಂಗಡಿಯ ಆಳು ಕಲ್ಲೇಶ ಸೈಕಲ್ ಮೋಟಾರಿನ ಮೇಲೆ ಬಂದು, ಪೇಪರಿನಲ್ಲಿ ಸುತ್ತಿದ ಒಂದು ಕಟ್ಟನ್ನೂ ನಲವತ್ತೆರಡು ಮನೆಗಳ ಒಂದು ಚೀಟಿಯನ್ನೂ ನನ್ನ ಕೈಗಿತ್ತು ಹೋದ. ಅಣ್ಣ ಬರಲಿಲ್ಲ. ಸ್ವಂತ ತಮ್ಮನ ಮನೆಗೆ ತಾನೇ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯುವುದು ಪದ್ಧತಿ. ನನಗೆ ಸಿಕ್ಕಿದ್ದು ಕರೆಯೋಲೆಯೋ, ಸ್ಟೋರ್ಸಿಗೆ ಬಂದ ಮಾಲೋ ಎಂದು ತಿಳಿಯಲಿಲ್ಲ. ಚೀಟಿಯನ್ನು ಸ್ಕೂಟರಿನ ಡಿಕ್ಕಿಗೆ ತುರುಕಿದೆ. ಕಟ್ಟನ್ನು ಬಿಚ್ಚಿ ನೋಡಲೂ ಇಲ್ಲ. ಬಿಚ್ಚಿದರೆ ಕೆಳಗಿನ ಪಟ್ಟಿಯಲ್ಲಿ ನನ್ನ ಹೆಸರು ಎಷ್ಟನೆಯದು, ಅಥವಾ ಇದೆಯೋ ಇಲ್ಲವೋ, ಗೊತ್ತಾಗಿಬಿಡುತ್ತಿತ್ತು. ಕಣ್ಣಿಗೆ ಬೀಳದಿರಲೆಂದು ಅದನ್ನು ಎಸೆದದ್ದು ನೇರವಾಗಿ ಆ ಟ್ರಂಕಿನ ಮೇಲೆ. ರಾಜೇಶ್ವರಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅಂದೇ ಸೀರೆ ಉಟ್ಟುಕೊಂಡು ದುರ್ಗದಬೈಲಿಗೆ ಹೊರಡುತ್ತಿದ್ದಳು.

ಇದರಲ್ಲಿ ತಪ್ಪು ಯಾರದು? ತಮ್ಮದೇ ಎಂದು ಮೊದಲ ಒಂಬತ್ತು ದಿನ ನನಗನ್ನಿಸಲಿಲ್ಲ, ಏಕೆಂದರೆ ಏನಾಗಲಿದೆಯೆಂಬುದೇ ನನಗೆ ಆಗಿನ್ನೂ ಗೊತ್ತಿರಲಿಲ್ಲ. ಕಾರ್ಖಾನೆಗೆ ಹೋದೆ, ಬಂದೆ, ನಾಳೆ ಹಂಚಿದರಾಯಿತು ಎಂದುಕೊಂಡೆ, ಅಣ್ಣ ಫೋನು ಮಾಡಲಿ ಎಂದು ಕಾದೆ. ಅಷ್ಟರಲ್ಲಿ ಟ್ರಂಕಿನ ಹಳೆಯ ಕಾರ್ಡುಗಳು ಖಾಲಿಯಾಗಿದ್ದವು. ರಾಜೇಶ್ವರಿಯ ಕೈಗೆ ಕಟ್ಟು ಸಿಕ್ಕಿತು. ಹೋದ ವರ್ಷ ಅಮರೇಶನ ಮಗನ ಲಗ್ನದಲ್ಲಿ ನೂರು ಕಾರ್ಡು ಹೆಚ್ಚಿಗೆ ಅಚ್ಚಾಗಿ ನಮ್ಮಲ್ಲೇ ಉಳಿದಿದ್ದವು, ದೇವರ ಚಿತ್ರವಿಲ್ಲದ ಆ ಕಾರ್ಡುಗಳೇ ಇವು ಎಂದುಕೊಂಡಳು. ಕೆನೆಬಣ್ಣದ, ಬರೆಯಲು ಹೇಳಿಮಾಡಿಸಿದ ಖಾಲಿ ಬೆನ್ನು ಮೇಲಾಗಿ ಕಾರ್ಡುಗಳು ಬೋರಲು ಮಲಗಿದ್ದವು. ಅವುಗಳ ಮುಖವನ್ನು ಅವಳು ನೋಡಲಿಲ್ಲ, ತಾವಂತೂ ನೋಡುವವರೇ ಅಲ್ಲ. ಒಂದು ಕಾರ್ಡಿಗೆ ಆರರಂತೆ ಇನ್ನೂರ ಐವತ್ತೆರಡು ಟ್ಯಾಗುಗಳನ್ನು ತಾವು ಒಂದೇ ಮಧ್ಯಾಹ್ನ ಕತ್ತರಿಸಿದಿರಿ. ಒಂದಾದರೂ ಓರೆಯಾಗಲಿಲ್ಲ, ಒಂದರ ತೂತೂ ಸರಿದಿರಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಕೆಲಸ ಮಾಡುವವರನ್ನು ನಾನು ಸರ್ವಿಸಿನಲ್ಲಿ ಕಂಡಿಲ್ಲ.

ರವಿವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ, ಈ ಸಲ ಕುಡಿಯುವ ಚಹಾವನ್ನೇ. ಹಿಂದಿನ ದಿನ ರಾಜೇಶ್ವರಿ ಕೊಟ್ಟಿದ್ದ ಟ್ಯಾಗುಗಳನ್ನು ಕೈಯಲ್ಲಿ ಹಿಡಿದು ಫರಹತ ಓಡಿಬಂದರು. “ಅಕ್ಕಾರ, ಇದರ ಹಿಂದ ನೋಡ್ರಿ. ಬರೂ ಗುರುವಾರದ ತಾರೀಖ ಐತಿ. ಈ ಮದುವಿ ಇನ್ನೂ ಆಗೇ ಇಲ್ಲಲ್ಲರಿ!” ರಾಜೇಶ್ವರಿ ಟ್ಯಾಗನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ನನ್ನ ಮುಖ ಓದಲು ಬರುತ್ತದೆ. ಅವಳು ಬೈಯಲಿಲ್ಲ, ಕುರ್ಚಿಯ ಮೇಲೆ ಕುಳಿತು ಅತ್ತಳು. “ನಮ್ಮ ದಾಕ್ಷಾನ ಲಗ್ನಾ ರೀ. ನಾನ ನನ್ನ ಕೈಯಾರೆ ಕತ್ತರಿಸಿದೆ.” ನನಗೆ ಆಗ ಆದ ನಾಚಿಕೆಯನ್ನು ಬರೆಯಲು ತಮ್ಮ ಟ್ಯಾಗುಗಳಲ್ಲಿ ಜಾಗ ಸಾಲದು.

ಏಕೆಂದರೆ ಆ ಟ್ಯಾಗುಗಳ ಖಾಲಿ ಬೆನ್ನಿನ ಮೇಲೆ ಅವಳು ಬರೆದಿದ್ದೆಲ್ಲ ಅದೇ ಹುಡುಗಿಯ ಬೇಸಿಗೆಗಳೇ ಆಗಿದ್ದವು. ಒಂದು ಬದಿಗೆ ಹಸಿರು ಮಸಿಯಲ್ಲಿ ‘ದಾಕ್ಷಾ, ಐದು ವರ್ಷ, ಶೀಕರಣಿ ಮೂತಿ’. ತಿರುಗಿಸಿದರೆ ಚಿನ್ನದ ಅಕ್ಷರದಲ್ಲಿ ‘ಚಿ. ಸೌ. ದಾಕ್ಷಾಯಿ’, ಮುಂದಿನದನ್ನು ತಾವು ತಿಂದಿದ್ದೀರಿ. ಇನ್ನೊಂದರ ಮೇಲೆ ‘ಹಪ್ಪಳ ಕಾಯೂ ಸಿಪಾಯಿ’. ಹಿಂದೆ ಮುಹೂರ್ತದ ಅರ್ಧ. ನಾನು ನೆಲದ ಮೇಲೆ ಕುಳಿತು, ಸ್ಟೋರ್ಸಿನಲ್ಲಿ ಬಿಡಿಭಾಗ ಹೊಂದಿಸುವಂತೆ ಒಂದು ಕಾರ್ಡನ್ನಾದರೂ ಜೋಡಿಸಲು ಹೊರಟೆ. ತಮ್ಮ ದುಂಡು ಮೂಲೆಗಳಿಂದಾಗಿ ಯಾವುದೂ ಯಾವುದಕ್ಕೂ ಕೂಡಲಿಲ್ಲ. ಕೆಳಗಿನ ಸಾಲಿನ ತುಣುಕು ಮಾತ್ರ ಪೂರ್ತಿ ಸಿಕ್ಕಿತು. ‘ತಮ್ಮ ಸುಖಾಗಮನ ಬಯಸುವವರು’ ಎಂದಿತ್ತು. ಅದರ ಕೆಳಗೆ ಎಲ್ಲಕ್ಕಿಂತ ಮೊದಲು, ಉಳಿದವರಿಗಿಂತ ದಪ್ಪ ಅಕ್ಷರದಲ್ಲಿ, ‘ಕಾಕಾ ಶ್ರೀ ಶಿವಯೋಗೀಶ ಹಂಚಿನಾಳ ಹಾಗೂ ಕಾಕು ಸೌ. ರಾಜೇಶ್ವರಿ’ ಎಂದಿತ್ತು. ಒಂಬತ್ತು ದಿನ ಅದು ನನ್ನ ಮನೆಯಲ್ಲೇ ಇತ್ತು, ಸುತ್ತಿದ ಪೇಪರನ್ನು ಸರಿಸಿದ್ದರೆ ಸಾಕಿತ್ತು.

ಲಗ್ನಕ್ಕೆ ಉಳಿದದ್ದು ನಾಲ್ಕು ದಿನ, ಕಾರ್ಡು ಒಂದೂ ಇಲ್ಲ. ಕರೆಯದಿದ್ದರೆ ಆ ನಲವತ್ತೆರಡು ಮನೆಯವರು ಅಣ್ಣನನ್ನು ಸಾಯುವತನಕ ಕ್ಷಮಿಸುವುದಿಲ್ಲ, ಅಣ್ಣ ನನ್ನನ್ನು. ಟ್ಯಾಗುಗಳನ್ನೆಲ್ಲ ಕಾರ್ಖಾನೆಯ ಬುತ್ತಿ ಚೀಲಕ್ಕೆ ತುಂಬಿಕೊಂಡು ದುರ್ಗದಬೈಲಿಗೆ ಹೋದೆ. ಆರು ವರ್ಷ ಆ ಓಣಿ ತಪ್ಪಿಸಲು ಸುತ್ತುಬಳಸಿ ಓಡಾಡಿದವನು, ಅಂದು ಅಂಗಡಿಯ ಮೆಟ್ಟಿಲ ಮುಂದೆಯೇ ಸ್ಕೂಟರು ನಿಲ್ಲಿಸಿದೆ. ರವಿವಾರವಾದರೂ ಲಗ್ನದ ಸೀಜನ್ನಾದ್ದರಿಂದ ಅಂಗಡಿ ತೆರೆದಿತ್ತು. ನಾನು ಚೀಲವನ್ನು ಸ್ಟೀಲಿನ ಪರಾತವೊಂದರಲ್ಲಿ ಸುರಿದು, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೇಳುವಾಗ ತಮ್ಮ ಹೆಸರನ್ನು ಹತ್ತು ಸಲವಾದರೂ ತಂದಿರಬೇಕು, ಅದಕ್ಕೆ ಕ್ಷಮೆಯಿರಲಿ.

ಅಣ್ಣ ಕನ್ನಡಕ ಹಾಕಿಕೊಂಡು ಒಂದೊಂದೇ ಟ್ಯಾಗನ್ನು ಎತ್ತಿ ಓದಿದ. ಈ ಬದಿ, ಆ ಬದಿ. ಗಿರಾಕಿಗಳು ನಿಂತಿದ್ದರು, ಅವನು ತಲೆ ಎತ್ತಲಿಲ್ಲ. ಕೊನೆಗೆ ಕೇಳಿದ: “ಒಂದ ಮನಿಗರ ಮುಟ್ಟಿಸೀಯೇನು?”

“ಇಲ್ಲ.”

“ಮಷೀನ್ ಕತ್ತರಿಸಿದ್ದು ನಿನ್ನೆ. ಅದಕ್ಕಿಂತ ಮೊದಲ ಎಂಟ್ ದಿವಸ ಏನ್ ಮಾಡಿದಿ?”

ಇಲ್ಲಿ ತಾವು ನನ್ನ ನೆರವಿಗೆ ಬರಬಹುದಿತ್ತು. ಬರಲಿಲ್ಲ. ಅಣ್ಣ ಶೀಕರಣಿ ಮೂತಿಯ ಟ್ಯಾಗೊಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, “ಕಲ್ಲೇಶ, ಅಂಗಡಿ ನೋಡ್ಕೋ” ಎಂದ. ಆಮೇಲೆ ನನ್ನ ಕಡೆ ತಿರುಗದೆಯೇ, “ಸ್ಕೂಟರ್ ತಗಿ” ಎಂದ.

ಕಾರ್ಡಿಲ್ಲದೆ ಕರೆಯುವುದಾದರೆ ಹಿರಿಯನೇ ಖುದ್ದಾಗಿ ಬಾಗಿಲಿಗೆ ಹೋಗಬೇಕು, ಅದು ಕಾರ್ಡಿಗಿಂತ ದೊಡ್ಡ ಮರ್ಯಾದೆ. ಅಣ್ಣ ನಮ್ಮ ಗಲ್ಲಿಯ ಮೂಲೆಯಲ್ಲೇ ಇಳಿದು ನಿಂತ, ನಾನು ಟ್ಯಾಗುಗಳನ್ನು ಮರಳಿ ಮನೆಗೆ ಒಯ್ದುಕೊಟ್ಟೆ. ರಾಜೇಶ್ವರಿ ಕಣ್ಣೊರೆಸಿಕೊಂಡು, ಬರೆಯದೆ ಉಳಿದಿದ್ದ ಟ್ಯಾಗುಗಳಲ್ಲಿ ನಲವತ್ತೆರಡನ್ನು ಆರಿಸಿ ತಾರೀಖು, ವೇಳೆ, ವಿದ್ಯಾನಗರದ ಕಲ್ಯಾಣ ಮಂಟಪದ ವಿಳಾಸ ಬರೆದು, ಪ್ರತಿಯೊಂದರ ತೂತಿಗೂ ಅರಿಶಿನದ ದಾರ ಕಟ್ಟಿಕೊಟ್ಟಳು. ಅಂದು ಮಧ್ಯಾಹ್ನದಿಂದ ಮಂಗಳವಾರ ಸಂಜೆಯವರೆಗೆ, ಕಾರ್ಖಾನೆಗೆ ರಜೆ ಹಾಕಿ, ಅಣ್ಣನನ್ನು ಹಿಂದೆ ಕೂರಿಸಿಕೊಂಡು ಗೋಪನಕೊಪ್ಪದ ಒಂದೊಂದು ಗಲ್ಲಿಯನ್ನೂ ತಿರುಗಿದೆ. ಮೊದಲ ದಿನ ನಮ್ಮಿಬ್ಬರ ನಡುವೆ ‘ಎಡಕ್ಕ’, ‘ಬಲಕ್ಕ’ ಇಷ್ಟೇ ಮಾತು. ಆದರೆ ಪ್ರತಿ ಬಾಗಿಲಲ್ಲೂ ಅವನು ನನ್ನ ಗುರುತು ಹೇಳಲೇಬೇಕಿತ್ತು. “ಇಂವ ನನ್ನ ತಮ್ಮ ರೀ. ಇಲ್ಲೇ ಇರ್ತಾನ.” ಮೊದಲ ಮನೆಯಲ್ಲಿ ಅದನ್ನು ಗಂಟಲು ಸರಿಮಾಡಿಕೊಂಡು ಹೇಳಿದ. ಹತ್ತನೆಯ ಮನೆಯಲ್ಲಿ ಸಲೀಸಾಗಿ ಹೇಳಿದ. ಮೂವತ್ತನೆಯ ಮನೆಯಲ್ಲಿ ಕೇಳದಿದ್ದರೂ ಹೇಳಿದ, ಹೇಳುತ್ತ ನನ್ನ ಬೆನ್ನ ಮೇಲೆ ಕೈಯಿಟ್ಟ. ಮನೆಗೊಂದು ಕಪ್ಪಿನಂತೆ ಕುಡಿದ ಚಹಾಕ್ಕೆ ನನ್ನ ಹೊಟ್ಟೆ ಉರಿಯುತ್ತಿತ್ತು, ಆದರೂ ಮನೆಗಳು ಮುಗಿಯದಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು.

ಮಂಗಳವಾರ ಕತ್ತಲಾಗುವ ಮುನ್ನ ನಲವತ್ತೊಂದನೆಯ ಮನೆ ಮುಗಿಯಿತು. ಇನ್ನೊಂದು ಯಾವುದು ಎಂದು ಕೇಳಿದೆ. ಅಣ್ಣ ಚೀಟಿಯನ್ನು ತಿರುಗಿಸಿ ನನ್ನ ಕಣ್ಣ ಮುಂದೆ ಹಿಡಿದ. ಬೆನ್ನಿನ ಮೇಲೆ ಒಂದೇ ಸಾಲಿತ್ತು. ನನ್ನ ಹೆಸರು, ನನ್ನ ಮನೆ. ನಾನು ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. “ನಾನ ಬರಬೇಕಂತ ಮಾಡಿದ್ದೆ” ಎಂದ ಅವನು ಹಿಂದಿನಿಂದ. “ಬಂದ್ರ ನೀ ಬಾಗಲಾ ತಗೀತಿಯೋ ಇಲ್ಲೋ, ಅದ ಅಂಜಿಕಿ ಆತು ನೋಡು. ಅದಕ್ಕ ಕಲ್ಲೇಶನ್ನ ಕಳಿಸಿದೆ.”

ಮನೆಯ ಮುಂದೆ ಇಳಿದಾಗ ನಾನು ಒಳಗೆ ಕರೆದೆ. ಅವನು ಮೆಟ್ಟಿಲ ಮೇಲೆ ನಿಂತುಬಿಟ್ಟ. “ಹಂಗಲ್ಲ. ನೀ ಒಳಗ ಹೋಗು. ಬಾಗಲಾ ಹಾಕ್ಕೋ. ನಾ ಬಡೀತೀನಿ.” ಐವತ್ತು ದಾಟಿದ ನಾನು ಹೇಳಿದಂತೆ ಒಳಗೆ ಹೋಗಿ, ಬಾಗಿಲು ಹಾಕಿ, ಚಿಲಕವನ್ನೂ ಇಟ್ಟು ನಿಂತೆ. ರಾಜೇಶ್ವರಿ ಕುಂಕುಮದ ಬಟ್ಟಲು ಹಿಡಿದು ಪಕ್ಕಕ್ಕೆ ಬಂದಳು. ಹೊರಗೆ ಅಣ್ಣ ಕೆಮ್ಮಿದ್ದು ಕೇಳಿಸಿತು, ಚಪ್ಪಲಿ ಬಿಟ್ಟದ್ದು ಕೇಳಿಸಿತು. ಆಮೇಲೆ ಬಾಗಿಲು ಬಡಿದ. ಒಮ್ಮೆ ಬಡಿದು ಎರಡನೆಯ ಸಲಕ್ಕೆ ಕೈಯೆತ್ತುವ ಮೊದಲೇ ನಾನು ತೆಗೆದಿದ್ದೆ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಯಾವ ಕಾಗದ ಬಾಯಿಗೆ ಬಂದರೂ ಅದನ್ನು ಎರಡೂ ಬದಿ ಓದಿ, ತಾರೀಖು ಕಳೆದಿದೆಯೋ ಇಲ್ಲವೋ ಪಂಚಾಂಗ ನೋಡಿ, ಅನುಮಾನವಿದ್ದರೆ ಹಿಡಿಕೆಯನ್ನು ಬಿಗಿಹಿಡಿದು ಕುಳಿತುಬಿಡಬೇಕು. ಮನೆಯ ಯಜಮಾನ ಸೆಟೆದುಕೊಂಡು ಓಡಾಡುವುದು ಕಂಡುಬಂದರೆ ಅವನ ಕಿವಿಗೆ ಕೇಳುವಂತೆ ಎರಡು ಸಲ ಖಟ್ ಅನ್ನಬೇಕು. ಇವೆರಡೂ ತಮ್ಮಿಂದ ಆಗದಿದ್ದರೆ, ನನ್ನಿಂದಲೂ ಆಗಿರಲಿಲ್ಲವೆಂಬುದನ್ನು ನೆನೆದು ಈ ದೂರನ್ನು ಅಲ್ಲಿಗೇ ಕೈಬಿಡುತ್ತೇನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶಿವಯೋಗೀಶ ಹಂಚಿನಾಳ

ತಾ.ಕ.: ವೈನಿಯವರಿಗೆ ತಮ್ಮ ಮೇಲೆ ಮನಸ್ಸಾಗಿದೆ, ಎಂಟು ದಿನಕ್ಕೆ ಕೊಟ್ಟಿರು ಎಂದು ಕೇಳಿದ್ದಾರೆ. ದುರ್ಗದಬೈಲಿಗೆ ತಮ್ಮನ್ನು ಖುದ್ದು ನಾನೇ ತಲುಪಿಸುತ್ತೇನೆ, ಮರಳಿ ತರಲೂ ನಾನೇ ಹೋಗುತ್ತೇನೆ. ನಡುವೆ ದಿನಾಲೂ ಹೋಗಿ ತಮ್ಮ ಆರೋಗ್ಯ ವಿಚಾರಿಸಿಕೊಂಡು ಬರುವವನಿದ್ದೇನೆ. ತಮ್ಮ ಮೇಲಿನ ಪ್ರೀತಿಗೆಂದು ದಯವಿಟ್ಟು ತಪ್ಪು ತಿಳಿಯಬಾರದು.